ಎಲ್ಲಿಗೆ ಅಂತ ಕೇಳಬಾರದು

ಪಾತಣ್ಣನ ಆ ಭಾನುವಾರದ ಪಾಡಿಗೆಲ್ಲ ಕಾರಣ ಅವನ ಮಗಳ ಬ್ಯಾಗಿಗೆ ನೇತುಬಿದ್ದಿದ್ದ ಒಂದು ಗುಲಾಬಿ ಬಣ್ಣದ ಕರಡಿ.

"ಅಪ್ಪಾ, ಪುಸ್ತಕ, ಪೆನ್ನು ಎಲ್ಲಾ ಇದ್ರಾಗೆ ಇಟ್ಟೀನಿ. ಹೆಗಲಿಗೆ ಹಾಕ್ಕೊಂಡು ಹೋಗು" ಎಂದು ತೇಜಶ್ರೀ ತನ್ನ ಕಾಲೇಜು ಬ್ಯಾಗನ್ನು ಮುಂದೆ ಹಿಡಿದಳು. ಕರಡಿ ಪಾತಣ್ಣನನ್ನು ನೋಡಿ ಹಲ್ಲು ಕಿರಿದ ಹಾಗಾಯಿತು. ಮೀಸೆ ಅರ್ಧ ಬೆಳ್ಳಗಾದ ಗಂಡಸು ಇದನ್ನು ಬೆನ್ನಿಗೆ ಹಾಕಿಕೊಂಡು ಮೊಳಕಾಲ್ಮುರಿನ ಬೀದಿಯಲ್ಲಿ ನಡೆದರೆ, ಬಸ್ ಸ್ಟ್ಯಾಂಡು ಮುಟ್ಟುವ ಮೊದಲೇ ಊರಿಗೆಲ್ಲ ಸುದ್ದಿಯಾಗುತ್ತದೆ.

"ಬ್ಯಾಡಮ್ಮ, ನನಗೆ ಇದೇ ಸರಿ" ಎಂದು ಅವನು ಪುಸ್ತಕಗಳನ್ನು ತಾನು ಕೆಲಸ ಮಾಡುವ ರೇಷ್ಮೆ ಸೀರೆ ಅಂಗಡಿಯ ಚೀಲಕ್ಕೆ ಹಾಕಿಕೊಂಡ. ನವಿಲಿನ ಚಿತ್ರದ, ಮಿರಿ ಮಿರಿ ಮಿಂಚುವ ಚೀಲ. ಮೊಳಕಾಲ್ಮುರಿನಲ್ಲಿ ಸೀರೆ ಚೀಲ ಹಿಡಿದವನನ್ನು ಯಾರು ತಿರುಗಿ ನೋಡುತ್ತಾರೆ ಎಂದು ಅವನ ಎಣಿಕೆ. ಅದೇ ಅವನ ಮೊದಲ ತಪ್ಪು.

ಪಾತಣ್ಣ ಕಾಲೇಜಿಗೆ ಹೊರಟಿದ್ದ. ಬಿ.ಎ. ಎರಡನೇ ವರ್ಷದಲ್ಲಿ ಅಪ್ಪ ತೀರಿಕೊಂಡಾಗ ಓದು ಬಿಟ್ಟು ಸುಲೋಚನಮ್ಮನವರ ಅಂಗಡಿ ಸೇರಿದವನು, ಅಂದಿನಿಂದ ಸೀರೆ ಬಿಚ್ಚಿ ತೋರಿಸುತ್ತಿದ್ದಾನೆ. ಬೆಳಿಗ್ಗೆಯಿಂದ ಬಿಚ್ಚಿದ್ದನ್ನು ಸಂಜೆ ಮತ್ತೆ ಮಡಚುತ್ತಾನೆ. ರಾತ್ರಿ ಅಂಗಡಿ ಬಾಗಿಲು ಎಳೆಯುವಾಗ ನೋಡಿದರೆ ಕಪಾಟು ಬೆಳಿಗ್ಗೆ ಹೇಗಿತ್ತೋ ಹಾಗೇ ಇರುತ್ತದೆ, ಅವನು ಆ ದಿನ ಬಂದೇ ಇರಲಿಲ್ಲ ಎನ್ನುವ ಹಾಗೆ.

ಹೋದ ವರ್ಷ ಒಂದು ಸಂಗತಿ ನಡೆಯಿತು. ಮಗ್ಗದವರಿಗೆ ರೇಷ್ಮೆ ಎಳೆ ಸುತ್ತಿಕೊಡುವ ಸೂರಮ್ಮಜ್ಜಿ ಎಲ್ಲಿ ಹೋದರೂ ಹೆಬ್ಬೆಟ್ಟು ಒತ್ತುತ್ತಿದ್ದಳು. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಪಾತಣ್ಣ ಬಳಪ ಹಿಡಿಸಿ ಅವಳಿಗೆ ಹೆಸರು ಬರೆಯುವುದನ್ನು ಕಲಿಸಿದ. ಮೊದಲ ಸಲ ಬ್ಯಾಂಕಿನಲ್ಲಿ ರುಜು ಹಾಕಿದ ದಿನ ಅಜ್ಜಿ ನೇರ ಅಂಗಡಿಗೆ ಬಂದು, ಎಲ್ಲರ ಎದುರೂ ಅವನ ತಲೆ ಸವರಿ, "ನೀನು ಮೇಷ್ಟ್ರಾಗ್ಬೇಕಿತ್ತು ಕಣಪ್ಪ, ಇಲ್ಲ್ಯಾಕೆ ಕುಂತಿದೀಯಾ?" ಎಂದಳು. ಆ ಕೈ ಇನ್ನೂ ಅವನ ತಲೆಯ ಮೇಲೇ ಇತ್ತು. ಬಿಚ್ಚಿದ ಮೇಲೆ ಮಡಚಿಡಲಾಗದ ಕೆಲಸ ಕಲಿಸುವುದೊಂದೇ ಎಂದು ಅವನಿಗೆ ಅನ್ನಿಸಿಬಿಟ್ಟಿತು.

ಹಾಗಾಗಿ ಚಳ್ಳಕೆರೆಯ ಒಂದು ಕಾಲೇಜಿನಲ್ಲಿ, ಕೆಲಸದಲ್ಲಿರುವವರಿಗೆಂದೇ ನಡೆಸುವ ಭಾನುವಾರದ ಬಿ.ಎ. ತರಗತಿಗೆ ಸೇರಿದ. ಆಮೇಲೆ ಬಿ.ಎಡ್., ಆಮೇಲೆ ಮೇಷ್ಟ್ರು. ಇವತ್ತು ಮೊದಲ ತರಗತಿ. "ಹನ್ನೊಂದು ಗಂಟೆಗೆ ಹಾಜರಿ. ಮೊದಲ ದಿನ ಹಾಜರಿ ಹೇಳದವರ ಸೀಟು ಬೇರೆಯವರಿಗೆ" ಎಂದು ಕಾಲೇಜಿನವರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು.

ವಿಷಯ ಗೊತ್ತಿದ್ದದ್ದು ಹೆಂಡತಿ ಗೀತಮ್ಮನಿಗೆ ಮತ್ತು ತೇಜಶ್ರೀಗೆ ಮಾತ್ರ. ಊರಿನವರು ನಕ್ಕಾರೆಂಬ ಅಂಜಿಕೆ ಒಂದು ಕಡೆ, ಸುಲೋಚನಮ್ಮನವರ ಭಯ ಇನ್ನೊಂದು ಕಡೆ. ಗಲ್ಲಾದ ಹಿಂದೆ ಗುಡಿಯ ಮೂರ್ತಿಯಂತೆ ಕೂರುವ ಆಕೆ, ಅಂಗಡಿ ಬಿಡುವ ಯೋಚನೆಯಲ್ಲಿರುವವನನ್ನು ಮಾರನೆಯ ದಿನ ಇಟ್ಟುಕೊಳ್ಳುವವರಲ್ಲ. ಡಿಗ್ರಿ ಕೈಗೆ ಬರುವ ತನಕ ಸಂಬಳ ಬೇಕಲ್ಲ?

ಆದರೆ ರಜೆ ಸಲೀಸಾಗಿ ಸಿಕ್ಕಿತ್ತು. ಜ್ವರ ಬಂದರೂ ರಜೆ ಕೊಡದ ಸುಲೋಚನಮ್ಮನವರು, "ಭಾನುವಾರ ಒಂಚೂರು ದೂರ ಹೋಗೋದೈತೆ ಅಮ್ಮಾರೆ" ಎಂದ ಕೂಡಲೇ, ಗಲ್ಲಾದ ಕೆಳಗೆ ಏನನ್ನೋ ಸರಿಸುತ್ತಾ, "ಹೋಗ್ಬಾ, ಹೋಗ್ಬಾ" ಎಂದುಬಿಟ್ಟಿದ್ದರು. "ಎಲ್ಲಿಗೆ ಅಂತ ನಾನು ಕೇಳಲ್ಲ. ಹೊರಟವರನ್ನ ಹಂಗೆ ಕೇಳಬಾರದು. ಎರ್ರಿಸ್ವಾಮಿ ಬಾಗಿಲು ತೆಗೀತಾನೆ ಬಿಡು." ಆಕೆಯ ಸೊಂಟದಿಂದ ಎಂದೂ ಇಳಿಯದ ಬೀಗದ ಕೈ ಆ ಸಂಜೆ ಅಂಗಡಿಯ ಇನ್ನೊಬ್ಬ ಆಳಾದ ಎರ್ರಿಸ್ವಾಮಿಯ ಜೇಬಿಗೆ ಹೋಯಿತು. ರಜೆಯ ಸಂತೋಷದಲ್ಲಿ ಪಾತಣ್ಣ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ. ಯಾರಾದರೂ ಮರೆತು ಕೇಳಿಬಿಟ್ಟರೆ ಹೊರಟವರು ವಾಪಸ್ಸು ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಪಾತಣ್ಣನ ಬೀದಿಯಲ್ಲಿ ಈ ಶಾಸ್ತ್ರ ಬಲು ಗಟ್ಟಿ. ಇದರಿಂದ ಗುಟ್ಟು ಉಳಿಯುತ್ತದೆ ಎಂದುಕೊಂಡದ್ದು ಅವನ ಎರಡನೆಯ ತಪ್ಪು. ಕೇಳುವ ಹಾಗಿಲ್ಲದವರು ಊಹಿಸುತ್ತಾರೆ.

ಬಿಳಿ ಅಂಗಿ ತೊಟ್ಟು, ನುಣ್ಣಗೆ ಗಡ್ಡ ಹೆರೆದು ಹೊಸ್ತಿಲು ದಾಟುವಾಗ ಪಕ್ಕದ ಮನೆಯ ರಂಗಕ್ಕ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಕೈಯಲ್ಲಿನ ತಂಬಿಗೆ ಅರ್ಧಕ್ಕೇ ನಿಂತಿತು.

"ದೂರಾನಾ ಪಾತಣ್ಣ?"

"ಹೂನಕ್ಕ, ಹಿಂಗೇ ಒಂಚೂರು."

"ಒಳ್ಳೇದಕ್ಕೇನಾ?"

"ಒಳ್ಳೇದಕ್ಕೇ ಅಕ್ಕ."

"ಗೀತಮ್ಮ ಬರಲ್ಲ?"

"ಇಲ್ಲಕ್ಕ, ನಾನೊಬ್ನೇ."

ರಂಗಕ್ಕನ ಕಣ್ಣು ಬಿಳಿ ಅಂಗಿಯಿಂದ ನವಿಲಿನ ಚೀಲಕ್ಕೆ ಇಳಿಯಿತು. ಅಲ್ಲಿಂದ ಬಾಗಿಲಲ್ಲಿ ನಿಂತಿದ್ದ ತೇಜಶ್ರೀಯ ಕಡೆಗೆ ಹೋಯಿತು. ಅಲ್ಲೇ ನಿಂತಿತು.

ಪಾತಣ್ಣ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಇನ್ನೇನು ನಿಟ್ಟುಸಿರು ಬಿಡಬೇಕು, ಅಷ್ಟರಲ್ಲಿ ಪಕ್ಕದ ಸೀಟಿನಲ್ಲಿ ದೊಪ್ಪನೆ ಒಬ್ಬರು ಬಂದು ಕೂತರು. ರಂಗಕ್ಕ! ಇಸ್ತ್ರಿ ಸೀರೆ, ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಮಾರುದ್ದ ಸೇವಂತಿಗೆ ದಂಡೆ. ಅವಳ ಹಿಂದೆ ಎದುರು ಮನೆಯ ಸಣ್ಣತಿಮ್ಮಪ್ಪ, ತಲೆಗೆ ಪೇಟ, ಹೆಗಲಿಗೆ ಹೊಸ ಕಂಬಳಿ. ಊರಿನಲ್ಲಿ ಯಾರ ಮದುವೆ ಮಾತಿದ್ದರೂ ಕರೆಯದೆಯೇ ಹೋಗಿ ಚಾಪೆಯ ನಡುವೆ ಕೂರುವ ಹಿರಿಯ.

"ಇದೇನು ರಂಗಕ್ಕ, ನೀವು—"

"ಎಲ್ಲಿಗೆ ಅಂತ ನಾನು ಕೇಳಲ್ಲಪ್ಪ" ಎಂದಳು ರಂಗಕ್ಕ ಮೆಲ್ಲಗೆ, ಅವನ ಕೈಯ ಮೇಲೆ ಕೈಯಿಟ್ಟು. "ನನಗೆಲ್ಲಾ ತಿಳೀತು. ನೀನು ಹೆಣ್ಣಿನ ತಂದೆ, ನಿನಗೆ ಅಣ್ಣತಮ್ಮ ಯಾರಿಲ್ಲ. ಗಂಡು ನೋಡೋಕೆ ಅಂತ ಒಬ್ನೇ ಹೋಗಿ ನಿಂತ್ರೆ ಅವರು ಏನಂದ್ಕೊಂಡಾರು? ಇವರಿಗೆ ಹಿಂದುಮುಂದು ಯಾರಿಲ್ಲ ಅನ್ನಲ್ವಾ? ನಾವಿಲ್ವೇನು?"

"ಅಯ್ಯೋ, ಹಂಗಲ್ಲಕ್ಕ—"

"ಬಿಡ್ಲೇ ಪಾತ, ನಾಚ್ಕೋಬ್ಯಾಡ" ಎಂದ ಸಣ್ಣತಿಮ್ಮಪ್ಪ. ಖುಷಿಯಾದರೆ ಅವನ ಬಾಯಿಗೆ ತೆಲುಗು ಬರುತ್ತಿತ್ತು. "ಪದ, ಪದ! ನಡಿ, ನಡಿ! ನೀನು ಎಲ್ಲಿ ಇಳೀತೀಯೋ ನಾವೂ ಅಲ್ಲೇ ಇಳೀತೀವಿ. ಬಾಯಿ ಬಿಟ್ಟು ಹೇಳಬ್ಯಾಡ, ಕೆಲಸ ಕೆಡ್ತೈತೆ."

ಪಾತಣ್ಣನಿಗೆ ಬಸ್ಸಿನ ಕಿಟಕಿಯಿಂದ ಹಾರಬೇಕೆನಿಸಿತು. ಬೆಳಗಿನ ಕೆಲಸ ಬಿಟ್ಟು, ತಮ್ಮದೇ ತೆಂಗಿನಕಾಯಿ ತಂದು, ತಮ್ಮದಲ್ಲದ ಮಗಳಿಗಾಗಿ ಹೊರಟು ಬಂದ ಜನರಿಗೆ ಹೋಗಿ ಎನ್ನುವುದು ಹೇಗೆ? ನಿಜ ಹೇಳೋಣವೆಂದರೆ ರಂಗಕ್ಕನಿಗೆ ಹೇಳಿದ್ದು ಸಂಜೆಯೊಳಗೆ ಸುಲೋಚನಮ್ಮನವರ ಗಲ್ಲಾ ತಲುಪುತ್ತದೆ.

ಅಷ್ಟರಲ್ಲಿ ಕಂಡಕ್ಟರ್ ಬಂದ.

"ಎಲ್ಲಿಗ್ರೀ?"

ರಂಗಕ್ಕ ಹಾವು ತುಳಿದವಳಂತೆ ಬೆಚ್ಚಿದಳು. "ಥೂ ನಿನ್ನ! ಒಳ್ಳೇ ಕೆಲಸಕ್ಕೆ ಹೊರಟವರನ್ನ ಎಲ್ಲಿಗೆ ಅಂತ ಕೇಳ್ತೀಯಲ್ಲೋ! ಮನೇಲಿ ಹಿರಿಯರು ಹೇಳ್ಕೊಟ್ಟಿಲ್ವಾ?"

"ಅವ್ವಾ, ಕೇಳದಿದ್ರೆ ಟಿಕೆಟ್ ಹೆಂಗ್ ಕೊಡ್ಲಿ?"

"ನನಗೆ ಹೆಂಗೂ ಬಿಟ್ಟಿ. ತಗೋ ಆಧಾರ್ ಕಾರ್ಡು. ಅವನು ಎಲ್ಲಿ ಇಳೀತಾನೋ ಅಲ್ಲಿಗೆ ಒಂದು ಕೊಡು."

"ಮಿಷನ್ನು ಊರಿನ ಹೆಸರು ಕೇಳ್ತೈತವ್ವಾ!"

"ಮಿಷನ್ ಕೇಳಿದ್ರೆ ದೋಷ ಇಲ್ಲ, ನೀನು ಕೇಳಬ್ಯಾಡ" ಎಂದು ಸಣ್ಣತಿಮ್ಮಪ್ಪ ತೀರ್ಪು ಕೊಟ್ಟ. ಕೊನೆಗೆ ಪಾತಣ್ಣ ಕಂಡಕ್ಟರನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದ. ಕಂಡಕ್ಟರ್ ಬಸ್ಸಿಗೆಲ್ಲ ಕೇಳುವಂತೆ, "ಮೂರು ಚಳ್ಳಕೆರೆ!" ಎಂದು ಕೂಗಿ ಮುಂದೆ ಹೋದ. ಅಲ್ಲೊಬ್ಬ ಮುದುಕಿಯನ್ನು ಮಾತ್ರ ಸೀಟು ಹಿಡಿದು ಕೂರಿಸಿ, ನೀರು ಕುಡಿಸಿದ ಮೇಲೆಯೇ "ಎಲ್ಲಿಗ್ರಿ" ಎಂದ. ಪಾಠ ಬೇಗ ಕಲಿಯುವ ಹುಡುಗ.

ದಾರಿಯುದ್ದಕ್ಕೂ ಪಾತಣ್ಣ ಉಪಾಯ ಹುಡುಕಿದ. ಕೊಂಡ್ಲಹಳ್ಳಿ ಬರುತ್ತಿದ್ದಂತೆ ಒಂದು ಹೊಳೆಯಿತು. ಇಲ್ಲಿ ಇಳಿದುಬಿಡುವುದು. ಅವರೂ ಇಳಿಯುತ್ತಾರೆ. ಬಸ್ಸು ಹೊರಡುವ ಹೊತ್ತಿಗೆ ತಾನು ಓಡಿ ಹತ್ತಿಬಿಡುವುದು. ವಯಸ್ಸಾದವರು, ಓಡಲಾರರು. ಪಾಪವೇ, ಆದರೂ ಹನ್ನೊಂದಕ್ಕೆ ಹಾಜರಿ.

ಇಳಿದ. ಅವರೂ ಇಳಿದರು. "ಟಿಕೆಟ್ ಚಳ್ಳಕೆರೆಗೆ, ಇಳಿದದ್ದು ಇಲ್ಲಿ. ಯಾರ ಕಣ್ಣೂ ಬೀಳಬಾರದು ಅಂತ ಮಾಡ್ಯಾನೆ, ಜಾಣ!" ಎಂದು ಸಣ್ಣತಿಮ್ಮಪ್ಪ ರಂಗಕ್ಕನಿಗೆ ಹೇಳುವುದು ಕೇಳಿಸಿತು. ಬಸ್ಸು ಗುರ್ ಎಂದಿತು. ಪಾತಣ್ಣ ಓಡಲು ಒಂದು ಕಾಲು ಎತ್ತಿದ. ಆ ಕ್ಷಣಕ್ಕೆ ಸಣ್ಣತಿಮ್ಮಪ್ಪನ ಗಟ್ಟಿ ಕೈ ಅವನ ರಟ್ಟೆ ಹಿಡಿಯಿತು.

"ನಿಧಾನ ಕಣ್ಲೇ, ಗಾಡಿ ಬರ್ತಾವೆ. ರಸ್ತೆ ದಾಟ್ಬೇಕಾದ್ರೆ ಹಿಂಗಾ ಓಡೋದು? ನಿನಗೇನಾದ್ರೂ ಆದ್ರೆ ಆ ಮಗಳ ಗತಿಯೇನು?"

ಬಸ್ಸು ಹೋಯಿತು. ಹಿಂದೆ ಎದ್ದ ಧೂಳು ಬಿಳಿ ಅಂಗಿಯ ಮೇಲೆ ನಿಧಾನವಾಗಿ, ಪ್ರೀತಿಯಿಂದ ಕೂತಿತು.

"ಈಗ ಯಾವ ಕಡೆ?" ಎಂದಳು ರಂಗಕ್ಕ. ಕೂಡಲೇ ನಾಲಗೆ ಕಚ್ಚಿಕೊಂಡಳು. ಆದರೆ ಶಾಸ್ತ್ರ ಶಾಸ್ತ್ರವೇ. ಪಾತಣ್ಣನನ್ನು ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ ಎಬ್ಬಿಸಿದರು. ಅಷ್ಟರಲ್ಲಿ ಹತ್ತು ದಾಟಿತ್ತು. ಮುಂದಿನ ಬಸ್ಸಿನ ಸುಳಿವಿರಲಿಲ್ಲ.

ಆಗ ಬಂದದ್ದು ಗಾದ್ರಪ್ಪನ ಲಗೇಜ್ ಆಟೊ. ಹಿಂದೆ ತುಂಬ ಕುರಿಗಳು. ಗಾದ್ರಪ್ಪ ಪಾತಣ್ಣನ ಹಳೆಯ ಸಹಪಾಠಿ.

"ಏನ್ಲೇ ಪಾತ, ಮದುಮಗ ಆಗ್ಬಿಟ್ಟೀಯಾ! ಎಲ್ಲಿ—"

ಸಣ್ಣತಿಮ್ಮಪ್ಪ ಚಂಗನೆ ಹಾರಿ ಕಂಬಳಿಯ ತುದಿಯಿಂದ ಗಾದ್ರಪ್ಪನ ಬಾಯಿ ಮುಚ್ಚಿದ. ಪೂರ್ತಿ ಪದ ಹೊರಬೀಳದ ಕಾರಣ ಮತ್ತೆ ನೀರು ಕುಡಿಯುವ ಅಗತ್ಯವಿಲ್ಲವೆಂದು ತೀರ್ಮಾನವಾಯಿತು.

"ನೀನು ಚಳ್ಳಕೆರೆಗೇ ಅಲ್ವಾ ಹೋಗ್ತಿರೋದು?" ಎಂದ ಪಾತಣ್ಣ, ಪ್ರಾಣ ಕೈಯಲ್ಲಿ ಹಿಡಿದು. ಕುರಿ ಸಾಗಿಸುವ ಗಾಡಿಯವನನ್ನಾದರೂ ಹಾಗೆ ಕೇಳಬಹುದೇ ಎಂದು ರಂಗಕ್ಕ ಮುಖ ಸಿಂಡರಿಸಿದಳು. ಗಾದ್ರಪ್ಪ ತಲೆಯಾಡಿಸಿದ. ಹಿರಿಯರಿಬ್ಬರು ಮುಂದೆ ಡ್ರೈವರ್ ಪಕ್ಕ, ಪಾತಣ್ಣ ಹಿಂದೆ ಕುರಿಗಳ ನಡುವೆ.

ಕುರಿಗಳು ಸಜ್ಜನಿಕೆಯಿಂದಲೇ ಜಾಗ ಕೊಟ್ಟವು. ಒಂದು ಅವನ ಪಾದದ ಮೇಲೆ ನಿಂತಿತು, ಇನ್ನೊಂದು ಬೆನ್ನಿಗೆ ಒರಗಿ ನಿದ್ದೆ ಹೋಯಿತು. ಮೂರನೆಯದು ಮಾತ್ರ ನವಿಲಿನ ಚೀಲದೊಳಗೆ ಮೂತಿ ತೂರಿಸಿ, ಕರ್ನಾಟಕದ ಇತಿಹಾಸವನ್ನು ಕದಂಬರಿಂದ ಹಿಡಿದು ಚಾಲುಕ್ಯರವರೆಗೆ ಮೆಲ್ಲಗೆ ತಿಂದು ಮುಗಿಸಿತು. ಹೊಯ್ಸಳರ ಹತ್ತಿರ ಬಂದಾಗ ಪಾತಣ್ಣ ಕಿತ್ತುಕೊಂಡ.

ಚಳ್ಳಕೆರೆಯಲ್ಲಿ ಇಳಿದಾಗ ಹನ್ನೊಂದಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತು. ರಂಗಕ್ಕ ಅವನ ಅಂಗಿಯ ಸ್ಥಿತಿ ನೋಡಿ, ಗಾದ್ರಪ್ಪನ ಬಾಟಲಿಯ ನೀರಿನಲ್ಲಿ ತನ್ನ ಇಸ್ತ್ರಿ ಸೀರೆಯ ಸೆರಗು ಒದ್ದೆ ಮಾಡಿ ಉಜ್ಜಿ ಉಜ್ಜಿ ಒರೆಸಿದಳು. ಕೊರಳಿನ ಹತ್ತಿರದ ಗುಂಡಿ ಹಾಕಿ, "ಈಗ ಲಕ್ಷಣವಾಗಿದೀಯಾ. ನಡಿ" ಎಂದಳು. ಅವಳಿಗೆ ಮೋಸ ಮಾಡಲು ಹೊರಟಿದ್ದೆನಲ್ಲ ಎಂದು ಪಾತಣ್ಣನಿಗೆ ನಾಚಿಕೆಯಾಯಿತು. ಇನ್ನು ತಪ್ಪಿಸಿಕೊಳ್ಳುವ ಮಾತಿಲ್ಲ. ಆದದ್ದಾಗಲಿ ಎಂದು ಕಾಲೇಜಿನ ದಾರಿ ಹಿಡಿದ. ಹಿಂದೆ ತಟ್ಟೆ, ಅದರ ಹಿಂದೆ ಪೇಟ.

"ದೊಡ್ಡ ಮನೆತನ ಇದ್ದಂಗೈತೆ" ಎಂದ ಸಣ್ಣತಿಮ್ಮಪ್ಪ, ಕಾಲೇಜಿನ ಕಟ್ಟಡ ನೋಡಿ.

ತರಗತಿಯಲ್ಲಿ ಮೂವತ್ತರ ಮೇಲ್ಪಟ್ಟವರೇ ತುಂಬಿದ್ದರು. ಒಬ್ಬ ಪೊಲೀಸ್ ಪೇದೆ, ಇಬ್ಬರು ಅಂಗನವಾಡಿಯವರು, ಎಣ್ಣೆ ಮಿಲ್ಲಿನ ವಾಸನೆ ಹೊತ್ತ ಒಬ್ಬ ಫಿಟ್ಟರ್. ಮುಂದಿನ ಬೆಂಚಿನ ಗೋಡೆ ಪಕ್ಕದಲ್ಲಿ ತಲೆಯ ಮೇಲೆ ಸೆರಗು ಹೊದ್ದು, ಪುಸ್ತಕದಲ್ಲಿ ಮುಖ ಹುದುಗಿಸಿದ್ದ ಒಬ್ಬ ಹೆಂಗಸು. ಕಪ್ಪು ಹಲಗೆಯ ಮುಂದೆ ಬಾಲರಾಜು ಎಂಬ ಬಡಕಲು ಮೈಯ ಎಳೆಯ ಉಪನ್ಯಾಸಕ.

ತಟ್ಟೆ, ಹೂವು, ಕಾಯಿ ನೋಡಿ ಬಾಲರಾಜು ಕಣ್ಣರಳಿಸಿದ. "ಓ, ಮೊದಲ ತರಗತಿಗೆ ಸರಸ್ವತಿ ಪೂಜೆಗೆ ಅಂತ ತಂದ್ರಾ? ತುಂಬಾ ಸಂತೋಷ! ಬನ್ನಿ ಅಮ್ಮಾ, ಬನ್ನಿ ಅಜ್ಜಾರೆ, ಕೂತ್ಕೊಳ್ಳಿ." ಸಣ್ಣತಿಮ್ಮಪ್ಪನಿಗೆ ತನ್ನ ಕುರ್ಚಿಯನ್ನೇ ಎಳೆದು ಕೊಟ್ಟ.

ರಂಗಕ್ಕ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಪಾತಣ್ಣನ ಕಿವಿಯಲ್ಲಿ, "ಹುಡುಗ ಸಣಕಲು. ಆದ್ರೂ ಹಿರಿಯರನ್ನ ಕಂಡ್ರೆ ಎದ್ದು ನಿಂತ್ಕೊಳ್ತಾನೆ. ನನಗೆ ಒಪ್ಪಿಗೆ" ಎಂದಳು.

"ಜಮೀನು ಎಷ್ಟೈತಪ್ಪ?" ಎಂದ ಸಣ್ಣತಿಮ್ಮಪ್ಪ ಕುರ್ಚಿಯಲ್ಲಿ ಕೂತು.

"ನಂದಾ? ನಮ್ಮೂರು ನನ್ನಿವಾಳದಾಗೆ ಒಂಚೂರು ಐತೆ ಅಜ್ಜಾರೆ, ಶೇಂಗಾ ಹಾಕ್ತೀವಿ" ಎಂದ ಬಾಲರಾಜು ಗಲಿಬಿಲಿಯಿಂದ.

"ಬೋರ್ ಐತಾ? ನೀರು ಬರ್ತೈತಾ?"

"ಒಂದೊಂದ್ಸಲ ಬರ್ತೈತೆ..."

"ಸುಳ್ಳು ಹೇಳಲ್ಲ ಹುಡುಗ!" ಎಂದು ಸಣ್ಣತಿಮ್ಮಪ್ಪ ರಂಗಕ್ಕನ ಕಡೆ ತಲೆದೂಗಿದ. ರಂಗಕ್ಕ ಹೋಗಿ ಉಪನ್ಯಾಸಕನ ಹಣೆಗೆ ಕುಂಕುಮವಿಟ್ಟೇ ಬಿಟ್ಟಳು. ಪೇದೆ ಚಪ್ಪಾಳೆ ತಟ್ಟಿದ. ಬಾಲರಾಜು ಗಡಿಯಾರ ನೋಡಿ ಗಡಿಬಿಡಿಯಿಂದ ಹಾಜರಿ ಕರೆಯತೊಡಗಿದ.

"ಪಾತಣ್ಣ!"

ಇಪ್ಪತ್ತೈದು ವರ್ಷದ ಮೇಲೆ ಒಬ್ಬ ಮೇಷ್ಟ್ರ ಬಾಯಲ್ಲಿ ತನ್ನ ಹೆಸರು ಕೇಳಿ ಅವನಿಗೆ ಎದೆ ತುಂಬಿ ಬಂತು. ಅಂಗಿ, ಕುರಿ, ಚಾಲುಕ್ಯರು ಎಲ್ಲ ಮರೆತುಹೋಯಿತು. ಎದ್ದು ನಿಂತು ಗಟ್ಟಿಯಾಗಿ, "ಹಾಜರ್ ಸಾರ್!" ಎಂದ.

ಮುಂದಿನ ಬೆಂಚಿನಲ್ಲಿ ಪುಸ್ತಕ ಜಾರಿ ನೆಲಕ್ಕೆ ಬಿತ್ತು. ಸೆರಗು ಹೊದ್ದ ಹೆಂಗಸು ಗಕ್ಕನೆ ತಿರುಗಿದರು. ಹೊರಟವರನ್ನು ಜನ್ಮದಲ್ಲಿ ಆ ಪ್ರಶ್ನೆ ಕೇಳದಿದ್ದ ಸುಲೋಚನಮ್ಮನವರು ಬಾಯಿ ತಪ್ಪಿ ಕೇಳಿಯೇಬಿಟ್ಟರು:

"ಪಾತಣ್ಣಾ! ಎಲ್ಲಿಗೆ ಬಂದ್ಯೋ?"

ತರಗತಿಯೆಲ್ಲ ಇತ್ತ ತಿರುಗಿತು. ಪಾತಣ್ಣ ನವಿಲಿನ ಚೀಲವನ್ನು ಬೆನ್ನ ಹಿಂದೆ ಸರಿಸಿದ.

"ಅಮ್ಮಾರೆ... ನೀವು?"

"ಬೆಳಗಿನ ಮೊದಲ ಬಸ್ಸಿಗೆ ಬಂದೆ" ಎಂದರು ಆಕೆ. ಮುಖ ಕೆಂಪಾಗಿತ್ತು. ಆಮೇಲೆ ತಗ್ಗಿದ ದನಿಯಲ್ಲಿ, "ಪಿ.ಯು.ಸಿ. ಪಾಸಾದ ವರ್ಷವೇ ಮದುವೆ ಮಾಡಿದ್ರು. ಆವತ್ತಿಂದ ಗಲ್ಲಾ. ಹೋದ ವರ್ಷ ಆ ಸೂರಮ್ಮ ಅಂಗಡೀಗೆ ಬಂದು ನಿನ್ನ ತಲೆ ಸವರಿದ್ಲಲ್ಲ, ನೆನಪೈತಾ? ನನ್ನ ತಲೇನ ಯಾರೂ ಹಂಗೆ ಸವರಿಲ್ಲ ಅನ್ನಿಸ್ತು. ಅದಕ್ಕೇ ಓದಿ ಟೀಚರ್ ಆಗೋಣ ಅಂತ ಬಂದೆ."

ಪಾತಣ್ಣನ ಕಥೆಯನ್ನೇ ಇನ್ನೊಬ್ಬರು ಹೇಳುತ್ತಿದ್ದರು.

"ಅಂಗಡಿ ಯೋಚನೆ ಇರಲಿಲ್ಲ" ಎಂದರು ಸುಲೋಚನಮ್ಮನವರು. "ನಾನು ಟೀಚರ್ ಆಗಿ ಹೋದ್ರೂ ಪಾತಣ್ಣ ಎಲ್ಲೂ ಹೋಗಲ್ಲ, ಅವನು ನೋಡ್ಕೊಳ್ತಾನೆ ಅಂತ ಧೈರ್ಯ ಮಾಡಿದ್ದೆ."

"ನಾನೂ ಹಂಗೇ ಅಂದ್ಕೊಂಡಿದ್ದೆ ಅಮ್ಮಾರೆ. ನಾನು ಹೋದ್ರೂ ಅಮ್ಮಾರು ಎಲ್ಲೂ ಹೋಗಲ್ಲ ಅಂತ."

ಅಷ್ಟು ಹೊತ್ತಿಗೆ ರಂಗಕ್ಕನಿಗೆ ವಿಷಯ ತಲೆಗೆ ಇಳಿದಿತ್ತು. ಹಣೆ ಚಚ್ಚಿಕೊಂಡಳು. "ಗಂಡು ನೋಡೋಕಲ್ವಾ? ಓದೋಕಾ? ಅಯ್ಯೋ ನಿನ್ನ! ಒಂದು ಮಾತು ಹೇಳಿದ್ರೆ ಒಬ್ಬಟ್ಟಾದ್ರೂ ಮಾಡ್ಕೊಂಡು ಬರ್ತಿದ್ನಲ್ಲೋ!" ಎಂದು ಸೇವಂತಿಗೆ ದಂಡೆಯನ್ನು ಎರಡು ತುಂಡು ಮಾಡಿ, ಒಂದನ್ನು ಸುಲೋಚನಮ್ಮನವರ ಪುಸ್ತಕದ ಮೇಲೆ, ಇನ್ನೊಂದನ್ನು ಪಾತಣ್ಣನ ಅರ್ಧ ತಿಂದ ಇತಿಹಾಸದ ಮೇಲೆ ಇಟ್ಟಳು. ಹೇಗೂ ಬಂದದ್ದಾಗಿದೆ ಎಂದು ಹಿಂದಿನ ಬೆಂಚಿನಲ್ಲಿ ಕೂತು ಇಡೀ ಪಾಠ ಕೇಳಿದಳು. ಸಣ್ಣತಿಮ್ಮಪ್ಪ ಕುರ್ಚಿಯಲ್ಲೇ ನಿದ್ದೆ ಹೋದ. ಬಾಲರಾಜು ಪಾಪ, ದನಿ ತಗ್ಗಿಸಿ ನಿಂತೇ ಪಾಠ ಮಾಡಿದ.

ಪಾಠಕ್ಕೆ ಮೊದಲು ಸುಲೋಚನಮ್ಮನವರು ಪಾತಣ್ಣನನ್ನು ಪಕ್ಕಕ್ಕೆ ಕರೆದು ವ್ಯಾಪಾರದ ದನಿಯಲ್ಲಿ ಮಾತು ಮುಗಿಸಿದರು. "ನೋಡು, ನಿನ್ನ ಕೆಲಸ ನಾನು ಕಿತ್ಕೊಳ್ಳಲ್ಲ. ಆದ್ರೆ ಇಬ್ಬರೂ ಬಿಟ್ರೆ ಎರ್ರಿಸ್ವಾಮಿ ಅಂಗಡಿ ಮುಳುಗಿಸ್ತಾನೆ. ಡಿಗ್ರೀಲಿ ಯಾರಿಗೆ ಹೆಚ್ಚು ಮಾರ್ಕ್ಸ್ ಬರ್ತೈತೋ ಅವರು ಮೇಷ್ಟ್ರಾಗ್ಲಿ. ಕಮ್ಮಿ ಬಂದವರು ಅಂಗಡೀಲಿ ಕೂರ್ಲಿ. ನ್ಯಾಯಾನಾ?"

"ನ್ಯಾಯ ಅಮ್ಮಾರೆ" ಎಂದ ಪಾತಣ್ಣ. ಅವನ ಎದೆಯಲ್ಲಿ ಮತ್ತೆ ಗಾಳಿಯಾಡಿತು. ಓದಿನಲ್ಲಿ ಅವನು ಎಂದೂ ಹಿಂದೆ ಬಿದ್ದವನಲ್ಲ.

"ಹಂಗಾದ್ರೆ ಬಾ, ನನ್ನ ಪಕ್ಕ ಕೂತ್ಕೋ. ಕನ್ನಡಕ ಗಲ್ಲಾದ ಮೇಲೇ ಬಿಟ್ಟು ಬಂದೀನಿ, ಬೋರ್ಡು ಕಾಣಲ್ಲ." ಆಕೆ ತಮ್ಮ ಹೊಸ ನೋಟ್‌ಬುಕ್ಕನ್ನು ಅವನ ಮುಂದೆ ಸರಿಸಿದರು. "ನಿನ್ನ ಅಕ್ಷರ ಮುತ್ತಿನಂಗೆ ಐತಲ್ಲ, ನನ್ನದು ಮೊದಲು ಬರಿ. ಟೈಮ್ ಉಳಿದ್ರೆ ನಿನ್ನದು ಬರ್ಕೋ. ಅರ್ಥ ಆಗದಿದ್ದನ್ನ ನಾಳೆ ಅಂಗಡೀಲಿ ಹೇಳ್ಕೊಡುವಂತೆ, ಸೀರೆ ಮಡಚ್ತಾ."

ಟೈಮ್ ಉಳಿಯಲಿಲ್ಲ.

ಸಂಜೆ ಮೊಳಕಾಲ್ಮುರಿನ ಬಸ್ಸಿನಲ್ಲಿ ನಾಲ್ವರೂ ಕೂತಿದ್ದರು. ಬೆಳಗಿನ ಅದೇ ಕಂಡಕ್ಟರ್ ಬಂದ. ರಂಗಕ್ಕನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದು, ಪಾತಣ್ಣನ ಮುಂದೆ ಬಾಯಿ ತೆರೆದ, ಮುಚ್ಚಿದ. ಟಿಕೆಟ್ ಮಿಷನ್ನನ್ನು ಮಾತ್ರ ಮುಂದೆ ಹಿಡಿದು ಹುಬ್ಬು ಹಾರಿಸಿದ.

ಪಾತಣ್ಣ ಮಡಿಲಿನ ಚೀಲ ಸರಿಮಾಡಿಕೊಂಡ. ಒಳಗೆ ಸುಲೋಚನಮ್ಮನವರ ತುಂಬಿದ ನೋಟ್‌ಬುಕ್ಕು, ಅದರ ಕೆಳಗೆ ಅವನ ಖಾಲಿಯದು.

"ಕೇಳಪ್ಪ, ಕೇಳು. ಇನ್ನು ಕೆಡೋದು ಏನೂ ಉಳಿದಿಲ್ಲ" ಎಂದ. "ಬೆಳಿಗ್ಗೆ ಎಲ್ಲಿ ಹತ್ತಿದ್ನೋ, ಅಲ್ಲಿಗೇ ಒಂದು ಕೊಡು."